ಕುಂಭಕರ್ಣ ಹೊಳೆಗಿಳಿದದ್ದು

ಕೆ.ಬಿ. ಬಡಾವಣೆಯ ಹೆಂಗಸರು ಸಂಜೆ ಹೊತ್ತು ಗೇಟಿನ ಹತ್ತಿರ ನಿಂತು ಗಂಡಂದಿರ ಮೇಲೆ ದೂರು ಹೇಳಿಕೊಳ್ಳುವಾಗ ಉಮಾಮಹೇಶ್ವರಿಯ ಸರದಿ ಬಂದರೆ ಉಳಿದವರೆಲ್ಲ ಬಾಯಿ ಮುಚ್ಚುತ್ತಿದ್ದರು. ಒಬ್ಬಾಕೆಯ ಗಂಡ ಇಸ್ಪೀಟು ಆಡುತ್ತಾನೆ, ಇನ್ನೊಬ್ಬಾಕೆಯ ಗಂಡ ಗೊರಕೆ ಹೊಡೆಯುತ್ತಾನೆ. ಇವೆಲ್ಲ ಎಲ್ಲರ ಮನೆಯಲ್ಲೂ ಇರುವ ಕಾಯಿಲೆಗಳೇ. ಆದರೆ ಉಮಾಮಹೇಶ್ವರಿ ಸೆರಗು ಸಿಕ್ಕಿಸಿ, ನಿಟ್ಟುಸಿರು ಬಿಟ್ಟು, "ನಮ್ಮನೆಯವ್ರು ರಿಪೇರಿ ಮಾಡ್ತಾರ್ರೀ" ಎಂದರೆ ಸಾಕು, ಎಲ್ಲರ ಕಣ್ಣಲ್ಲೂ ಕನಿಕರ ತುಂಬುತ್ತಿತ್ತು.

ಆಕೆಯ ಪತಿ ಕರಿಬಸವರಾಜರು ಮಂಡಿಪೇಟೆಯಲ್ಲಿ ತಾತನ ಕಾಲದ ಸೀರೆ ಅಂಗಡಿ ನಡೆಸುವವರು. ಹಣೆ ತುಂಬ ವಿಭೂತಿ, ಬಿಳಿ ಜುಬ್ಬ, ಮೆತ್ತಗಿನ ಮಾತು. (ದೂರದಿಂದ ನೋಡಿದವರಿಗೆ ಈ ಮನುಷ್ಯನಿಂದ ಒಂದು ಇರುವೆಗೂ ತೊಂದರೆಯಾಗಲಾರದು ಅನಿಸುತ್ತದೆ. ಇರುವೆಗೆ ನಟ್ಟು ಬೋಲ್ಟು ಇಲ್ಲದಿರುವುದೇ ಅದಕ್ಕೆ ಕಾರಣ.) ಅವರ ಅಟ್ಟದ ಮೇಲೆ ಒಂದು ಹಸಿರು ತಗಡಿನ ಪೆಟ್ಟಿಗೆ ಇತ್ತು. ಅದರ ತುಂಬ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಸುತ್ತಿಗೆ. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಆ ಪೆಟ್ಟಿಗೆ ಕೆಳಗಿಳಿದಾಗಲೆಲ್ಲ ಮನೆಯ ಒಂದು ಸಾಮಾನು ಗುಜರಿಗೆ ಹೊರಟುಹೋಗಿತ್ತು. ರೇಡಿಯೋ ಹೋಯಿತು, ಇಸ್ತ್ರಿ ಪೆಟ್ಟಿಗೆ ಹೋಯಿತು, ಗೋಡೆ ಗಡಿಯಾರ ಹೋಯಿತು. ಬಿಚ್ಚುವುದರಲ್ಲಿ ಅವರು ಮಹಾ ನಿಸ್ಸೀಮರು. ಜೋಡಿಸಿದ ಮೇಲೆ ಮಾತ್ರ ಪ್ರತಿ ಸಲವೂ ಮೂರೋ ನಾಲ್ಕೋ ತುಣುಕು ಕೈಯಲ್ಲಿ ಉಳಿಯುತ್ತಿದ್ದವು. "ಕಂಪನಿಯವ್ರು ಸುಮ್ನೆ ಹೆಚ್ಚಿಗೆ ಹಾಕಿರ್ತಾರೆ" ಎಂದು ಅವನ್ನು ಒಂದು ಖಾಲಿ ಉಪ್ಪಿನಕಾಯಿ ಜಾಡಿಗೆ ಹಾಕುತ್ತಿದ್ದರು. ಜಾಡಿ ಈಗ ತುಂಬುವುದಕ್ಕೆ ಬಂದಿತ್ತು.

ದಾವಣಗೆರೆ ಜಿಲ್ಲೆಯಾದ ವರ್ಷ, ತೊಂಬತ್ತೇಳರ ಆಗಸ್ಟಿನಲ್ಲಿ, ಕರಿಬಸವರಾಜರು ಊಟಕ್ಕೆ ಕೂತವರು ಹಠಾತ್ತನೆ ಕಿವಿ ನಿಮಿರಿಸಿದರು. ಅಡುಗೆಮನೆಯಲ್ಲಿ ಉಮಾಮಹೇಶ್ವರಿಯ ಹೊಸ ಮಿಕ್ಸಿ ತಿರುಗುತ್ತಿತ್ತು.

"ಅದರ ಸದ್ದು ಯಾಕೋ ಸರಿ ಇಲ್ಲಲ್ಲೇ. ಸಂಜೆ ಒಂಚೂರು ಬಿಚ್ಚಿ ನೋಡಾಣ."

ಉಮಾಮಹೇಶ್ವರಿ ಮಿಕ್ಸಿಯನ್ನು ಎತ್ತಿ, ಸೆರಗು ಹೊದೆಸಿ, ದೇವರ ಕೋಣೆಗೆ ಒಯ್ದು ಗಂಟೆಯ ಪಕ್ಕದಲ್ಲಿಟ್ಟು ಬೀಗ ಹಾಕಿದಳು. ಆ ಮಧ್ಯಾಹ್ನ ಆಕೆ ಎಲ್ಲಿಗೋ ಆಟೋ ಮಾಡಿಕೊಂಡು ಹೋಗಿಬಂದದ್ದನ್ನು ಅಕ್ಕಪಕ್ಕದವರು ನೋಡಿದರು, ಗಂಡ ನೋಡಲಿಲ್ಲ.

ಅದಾದ ಎರಡೇ ದಿನಕ್ಕೆ ಆನೆಕೊಂಡದ ಗುಜರಿ ಹಿದಾಯತ್ ಸೀರೆ ಅಂಗಡಿಯ ಮೆಟ್ಟಿಲು ಹತ್ತಿದ. ಕರಿಬಸವರಾಜರ ಮನೆಯ ಸಾಮಾನುಗಳೆಲ್ಲ ಕೊನೆಯುಸಿರೆಳೆಯುವುದು ಅವನ ಅಂಗಡಿಯಲ್ಲೇ ಆದ್ದರಿಂದ ಪರಿಚಯ ಗಾಢವಾಗಿತ್ತು.

"ಸಾವ್ಕಾರ್ರೆ, ಒಂದು ಸಾಮಾನು ಬಂದೈತ್ರಿ. ದೋಣಿ ಮೋಟ್ರು. ದೋಣಿ ಹಿಂದೆ ಕಚ್ಚಿಸಿ ಹಗ್ಗ ಎಳೆದ್ರೆ ಸಾಕು, ಹೊಳೆ ಸೀಳ್ಕೊಂಡು ಹೋಗ್ತೈತೆ. ಆದ್ರೆ..."

"ಆದ್ರೆ ಏನೋ?"

"ಸೀಜ್ ಆಗೈತ್ರಿ. ಒಳಗಿನ ಪಿಸ್ಟನ್ನು ತುಕ್ಕು ಹಿಡ್ದು ಸಿಲಿಂಡರ್‌ಗೆ ಅಂಟ್ಕೊಂಡೈತೆ, ಹಗ್ಗ ಎಳೆದ್ರೆ ಮಿಸುಕಲ್ಲ. ಊರಾಗಿನ ಮೆಕ್ಯಾನಿಕ್‌ಗಳೆಲ್ಲ ಕೈ ಮುಗಿದ್ರು. ಹೋಗ್ಲಿ ಬಿಡ್ರಿ, ನಿಮ್ಮ ಕೈಲೂ ಆಗಂಗಿಲ್ಲ. ತೂಕಕ್ಕೆ ಹಾಕ್ಬಿಡ್ತೀನಿ."

ಕರಿಬಸವರಾಜರು ಕೈಲಿದ್ದ ಇಳಕಲ್ ಸೀರೆಯನ್ನು ಹಾಗೇ ಬಿಟ್ಟರು. ಎದುರು ಕೂತಿದ್ದ ಗಿರಾಕಿಯ ತೊಡೆಯ ಮೇಲೆ ಅದು ಬಿತ್ತು. "ನನ್ನ ಕೈಲಿ ಆಗಂಗಿಲ್ಲ ಅಂತ ನಿಂಗ್ಯಾರು ಹೇಳಿದ್ರು?"

ಸಂಜೆಗೆ ಮೋಟಾರು ಕೈಗಾಡಿಯಲ್ಲಿ ಮನೆಗೆ ಬಂತು. ಸೊಂಟದೆತ್ತರದ ಸಾಮಾನು. ಮೇಲೆ ದಪ್ಪ ತಲೆ, ಕೆಳಗೆ ಒಂದೇ ಕಾಲು, ಕಾಲಿನ ತುದಿಗೆ ಮೂರು ಎಸಳಿನ ಫ್ಯಾನು. ಮೈಯೆಲ್ಲ ತುಕ್ಕು. ಸಾಗಿಸಿದ್ದಕ್ಕೆ ಹಿದಾಯತ್ ಏನೂ ಕೇಳಲಿಲ್ಲ. ಉಮಾಮಹೇಶ್ವರಿಯೂ ಅವನನ್ನು ಬೈಯಲಿಲ್ಲ, "ಚಾ ಕುಡ್ದು ಹೋಗಪ್ಪ" ಎಂದಳು. ಕರಿಬಸವರಾಜರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮೋಟಾರು ಎದುರಿಗಿದ್ದಾಗ ಅವರಿಗೆ ಬೇರೆ ಏನೂ ಕಾಣುವುದಿಲ್ಲ.

ಹಿದಾಯತ್ ಹೋದ ಮೇಲೆ ಮಾತ್ರ ಅವಳು ಸೊಂಟಕ್ಕೆ ಕೈ ಇಟ್ಟಳು.

"ಊರು ಜಿಲ್ಲೆ ಆತು. ನೀವು ಮಾತ್ರ ಇನ್ನೂ ತಾಲ್ಲೂಕೇ. ಇದನ್ನ ಎಲ್ಲಿ ಓಡಿಸ್ತೀರಿ? ಬಚ್ಚಲದಾಗೋ?"

"ನಿಮ್ಮೂರ ಹೊಳ್ಯಾಗೆ ಕಣೇ. ಹರಿಹರದಾಗೆ ತುಂಗಭದ್ರೆ ಏನು ಬತ್ತಿ ಹೋಗ್ಯಾಳಾ?"

"ಹಂಗಾರೆ ಒಂದು ಮಾತು. ಸಂಕ್ರಾಂತಿಗೆ ಹೆಂಗೂ ಬುತ್ತಿ ಕಟ್ಕೊಂಡು ಹೊಳಿಗೆ ಹೋಗ್ತೀವಿ. ಅವತ್ತು ಈ ಮೋಟ್ರು ನನ್ನ ಆಚೆ ದಡ ಮುಟ್ಟಿಸ್ಬೇಕು. ಮುಟ್ಟಿಸಿದ್ರೆ ಹಿತ್ಲ ಕೋಣೆ ನಿಮ್ದು, ಅಲ್ಲಿ ಏನರ ಬಿಚ್ರಿ, ನಾನು ಕೇಳಂಗಿಲ್ಲ. ಮುಟ್ಟಿಸದಿದ್ರೆ ಆ ಹಸಿರು ಪೆಟ್ಟಿಗೆ ಹಿದಾಯತ್ ಪಾಲು. ಅಲ್ಲೀತನಕ ಮನ್ಯಾಗಿನ ಬ್ಯಾರೆ ಒಂದು ಸಾಮಾನೂ ಮುಟ್ಟಂಗಿಲ್ಲ."

ಹಸಿರು ಪೆಟ್ಟಿಗೆ! ಕರಿಬಸವರಾಜರು ಗಾಬರಿಯಿಂದ ಅಟ್ಟದ ಕಡೆ ನೋಡಿದರು. ಆದರೆ ಹಿತ್ತಲ ಕೋಣೆಯ ಆಸೆ ಅದಕ್ಕಿಂತ ದೊಡ್ಡದಾಗಿತ್ತು. "ಆತು. ದೋಣಿ?"

"ದೋಣಿ ಜವಾಬ್ದಾರಿ ನಂದು. ನನ್ನ ತವರು ಹೊಳಿ ಅದು."

ಅವತ್ತಿನಿಂದ ಹಿತ್ತಲಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಮಲಗಿದ್ದು ಏಳದ ಆ ಮೋಟಾರಿಗೆ ಉಮಾಮಹೇಶ್ವರಿ ಕುಂಭಕರ್ಣ ಎಂದು ನಾಮಕರಣ ಮಾಡಿದಳು. ಕರಿಬಸವರಾಜರು ಪ್ಲಗ್ಗಿನ ತೂತಿನೊಳಗೆ ಒಂದು ವಾರ ಸೀಮೆಎಣ್ಣೆ ಸುರಿದರು. ಕುಂಭಕರ್ಣ ಕುಡಿದು ಸುಮ್ಮನಿದ್ದ. ಡೀಸೆಲ್ ಸುರಿದರು, ಅದನ್ನೂ ಕುಡಿದ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕೊನೆಗೆ ಮಂಡಿ ನೋವಿಗೆಂದು ತಂದಿದ್ದ ಆಯುರ್ವೇದದ ತೈಲ. ಗಣೇಶ ಬಂದ, ಹೋದ. ಆಯುಧಪೂಜೆಯ ದಿನ ಕುಂಭಕರ್ಣನಿಗೆ ವಿಭೂತಿ ಬಳಿದು, ಚೆಂಡುಹೂವಿನ ಸರ ಹಾಕಿ, ಬೂದುಗುಂಬಳ ಒಡೆದರು. ಹಗ್ಗ ಎಳೆದರೆ ಬೆಟ್ಟ ಎಳೆದ ಹಾಗಿತ್ತು.

ಅಂಗಡಿಯಲ್ಲೂ ಅವರ ಮನಸ್ಸು ನಿಲ್ಲಲಿಲ್ಲ. ಒಮ್ಮೆ ಮದುವೆ ಜವಳಿಗೆ ಬಂದವರ ಎದುರು ರೇಷ್ಮೆ ಸೀರೆ ಬಿಡಿಸಿದರೆ ಅದರ ಮೇಲೆ ಗ್ರೀಸಿನ ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿತ್ತು. "ಇದು ಈ ವರ್ಷದ ಹೊಸ ಬುಟ್ಟಾ ರೀ" ಎಂದರು ಕರಿಬಸವರಾಜರು ಗಂಭೀರವಾಗಿ. ಬೀಗರು ನಂಬಿದರು. ಆದರೆ ಮೈತುಂಬ ಅಂಥದೇ ಬುಟ್ಟಾ ಇರುವ ಸೀರೆ ಇನ್ನೂ ಐದು ಬೇಕೆಂದು ಹಠ ಹಿಡಿದಾಗ ಅವರಿಗೆ ಬೆವರು ಕಿತ್ತುಕೊಂಡಿತು.

ಕೊನೆಗೆ ಕುಂಭಕರ್ಣನನ್ನು ಹರಿಹರಕ್ಕೆ ಒಯ್ದು ಲೇತ್ ಅಂಗಡಿಯ ಮೌಲಾ ಸಾಬ್ ಅವರ ಎದುರು ಮಲಗಿಸಿದರು. ಐವತ್ತು ವರ್ಷ ಕಬ್ಬಿಣದ ಜೊತೆ ಸಂಸಾರ ಮಾಡಿದ ಮುದುಕರು ಅವರು. ಮೋಟಾರಿನ ಮೇಲೆ ಕೈಯಾಡಿಸಿ, "ಎಣ್ಣೆ ಕುಡ್ಸಿದ್ದು ಸಾಕು ಸಾವ್ಕಾರ್ರೆ. ಹೊರಗೆ ಬಿಸಿ ಮಾಡ್ರಿ, ಒಳಗೆ ಪಿಸ್ಟನ್ ತಲೆ ಮ್ಯಾಲೆ ಬೇವಿನ ತುಂಡು ಇಟ್ಟು ಮೆಲ್ಲಗೆ ಬಡೀರಿ. ದಿನಾ ಅರ್ಧ ಗಂಟೆ. ಸಿಟ್ಟು ಮಾಡ್ಕೋಬ್ಯಾಡ್ರಿ, ಸಿಟ್ಟಿನ ಏಟು ಬಿದ್ರೆ ಪಿಸ್ಟನ್ ಒಡೀತೈತೆ" ಎಂದರು.

ಟಕ್, ಟಕ್, ಟಕ್. ದಿನಾ ಬೆಳಿಗ್ಗೆ ಶಿವಪೂಜೆ ಮುಗಿದ ಕೂಡಲೇ ಹಿತ್ತಲಿನಿಂದ ಈ ಸದ್ದು. ದೀಪಾವಳಿ ಅಮಾವಾಸ್ಯೆಯ ಮುಂಜಾನೆ ಪಿಸ್ಟನ್ನು ಒಂದು ಅಕ್ಕಿಕಾಳಿನಷ್ಟು ಜರುಗಿತು. ಕರಿಬಸವರಾಜರು "ಅಲುಗಾಡ್ತು! ಉಮಾ, ಅಲುಗಾಡ್ತು!" ಎಂದು ಕೂಗುತ್ತ ಒಳಗೆ ಓಡಿಬಂದ ರಭಸಕ್ಕೆ ಎಣ್ಣೆಸ್ನಾನಕ್ಕೆ ಕೂತಿದ್ದ ಉಮಾಮಹೇಶ್ವರಿ ಭೂಕಂಪವೆಂದು ತಿಳಿದು ಬೀದಿಗೇ ಬಂದುಬಿಟ್ಟಳು. ಆಮೇಲೆ ಮೌಲಾ ಸಾಬ್ ಸಿಲಿಂಡರನ್ನು ನಯ ಮಾಡಿ ಹೊಸ ರಿಂಗು ಕೂರಿಸಿಕೊಟ್ಟರು. ಮೋಟಾರಿಗೆ ತಂಪು ನೀರು ಎಳೆಯುವ ರಬ್ಬರಿನ ಚಕ್ರ ಎಲ್ಲೂ ಸಿಗಲಿಲ್ಲ; ಅದೇ ಹೊತ್ತಿಗೆ ಉಮಾಮಹೇಶ್ವರಿಯ ಒಂದು ಹವಾಯಿ ಚಪ್ಪಲಿ ಕಾಣೆಯಾಯಿತು. (ಇನ್ನೊಂದನ್ನು ಆಕೆ ಗಂಡನ ಕಡೆಗೆ ಎಸೆಯಲು ಬಳಸಿದಳು. ಹೀಗೆ ಎರಡೂ ಉಪಯೋಗಕ್ಕೆ ಬಂದವು.) ಎಲ್ಲ ಜೋಡಿಸಿದ ಮೇಲೆ ಈ ಸಲ ಉಳಿದದ್ದು ಎರಡೇ ತುಣುಕು: ಒಂದು ಸ್ಪ್ರಿಂಗು, ಮತ್ತು ತಂತಿ ಸಮೇತ ಒಂದು ಕೆಂಪು ಗುಂಡಿ. ಅವೂ ಜಾಡಿಗೆ ಹೋದವು.

ಜನವರಿ ಮೊದಲ ವಾರ ಪರೀಕ್ಷೆ. ಆ ಬಡಾವಣೆಗೆ ನಳದ ನೀರು ಮೂರು ದಿನಕ್ಕೊಮ್ಮೆ. ಅವತ್ತು ಬೆಳಿಗ್ಗೆ ನೀರು ಬಂದು ಹಿತ್ತಲ ಸಿಮೆಂಟು ತೊಟ್ಟಿ ಕಂಠದವರೆಗೆ ತುಂಬಿತ್ತು. ಕರಿಬಸವರಾಜರು ಕುಂಭಕರ್ಣನನ್ನು ತೊಟ್ಟಿಯ ಅಂಚಿಗೆ ಬಿಗಿದು, ಕಾಲು ನೀರಿಗಿಳಿಸಿ, ಟ್ಯಾಂಕಿಗೆ ಅರ್ಧ ಲೋಟ ಸೀಮೆಎಣ್ಣೆ ಹಾಕಿ ಹಗ್ಗ ಎಳೆದರು. ಎಳೆದರು, ಎಳೆದರು. ನಲವತ್ತು ಸಲ ಎಳೆದ ಮೇಲೆ ಜುಬ್ಬ ಬಿಚ್ಚಿ ಎಸೆದು ಇನ್ನೊಂದು ಸಲ ಎಳೆದರು.

ಕುಂಭಕರ್ಣ ಎದ್ದ.

ಎದ್ದವನು ಎಲ್ಲಕ್ಕಿಂತ ಮೊದಲು ತೊಟ್ಟಿಯ ನೀರನ್ನು ಹೊರಗೆ ಎರಚಿದ. ಅರ್ಧ ನೀರು ಪಕ್ಕದ ಮನೆಯ ಸಂಡಿಗೆಯ ಮೇಲೆ, ಕಾಲು ಭಾಗ ಬಾಗಿಲಿಗೆ ಬಂದು ನಿಂತ ಉಮಾಮಹೇಶ್ವರಿಯ ಮೇಲೆ. ಉಳಿದ ನೀರಿಗೆ ಸೀಮೆಎಣ್ಣೆ ಸೇರಿತು. ಹೊಗೆ, ಗದ್ದಲ, ಬೀದಿ ನಾಯಿಗಳ ಕೂಗು. ಅರ್ಧ ಲೋಟ ಎಣ್ಣೆ ಮುಗಿದ ಮೇಲೆ ತಾನೇ ನಿಂತ. ಕರಿಬಸವರಾಜರು ಬನಿಯನ್ನಿನಲ್ಲೇ ನಿಂತು ಗಳಗಳ ಅತ್ತರು. ಹನ್ನೆರಡು ವರ್ಷದಲ್ಲಿ ಅವರ ಕೈಯಿಂದ ರಿಪೇರಿಯಾಗಿ ಓಡಿದ ಮೊದಲ ವಸ್ತು ಅದು. ಹೆಂಡತಿ ಎದುರಿಗೆ ಅಳುತ್ತಿದ್ದೇನೆ ಎಂಬ ನಾಚಿಕೆಯೂ ಅವರಿಗಾಗಲಿಲ್ಲ, ಅಷ್ಟು ಸಂತೋಷವಾಗಿತ್ತು.

ತೊಯ್ದು ತೊಪ್ಪೆಯಾದ ಉಮಾಮಹೇಶ್ವರಿ ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿಕೊಂಡಳು. "ಓಡ್ತಲ್ರೀ!" ಎಂದಳು. ಆಕೆಗೆ ನಿಜವಾಗಿಯೂ ಹೆಮ್ಮೆಯೇ ಆಯಿತು. ಮರುಕ್ಷಣವೇ ದೇವರ ಕೋಣೆಯ ಕಡೆಗೊಮ್ಮೆ ನೋಡಿ, ಚಿಂತೆಗೆ ಬಿದ್ದವಳಂತೆ ಬಟ್ಟೆ ಹಿಂಡಿಕೊಂಡು ಒಳಗೆ ಹೋದಳು. ಮೂರು ದಿನ ಮನೆಯ ಸಾರು ಸೀಮೆಎಣ್ಣೆ ವಾಸನೆ ಹೊಡೆಯಿತು. ಕರಿಬಸವರಾಜರು ಪ್ರತಿ ಸಲವೂ ಎರಡನೇ ಸಲ ಹಾಕಿಸಿಕೊಂಡು ಉಂಡರು.

ಸಂಕ್ರಾಂತಿಯ ದಿನ ಹರಿಹರದ ಹೊಳೆದಂಡೆ ಜನರಿಂದ ತುಂಬಿತ್ತು. ಸ್ನಾನ ಮಾಡುವವರು, ಬುತ್ತಿ ಬಿಚ್ಚುವವರು, ಎಳ್ಳು ಬೆಲ್ಲ ಹಂಚುವವರು. ಉಮಾಮಹೇಶ್ವರಿಯ ತಾಯಿ ಗಿರಿಯಮ್ಮ ಆಗಲೇ ಬಂದು ಜಮಖಾನೆ ಹಾಸಿ ಕೂತಿದ್ದರು. ಟೆಂಪೋದಿಂದ ಕುಂಭಕರ್ಣ ಇಳಿದ ಕೂಡಲೇ ಸುತ್ತ ಜಾತ್ರೆಯಂತೆ ಜನ ಸೇರಿದರು. ಕರಿಬಸವರಾಜರು ಬೆಳ್ಳಗಿನ ಪಂಚೆ ಉಟ್ಟು, ಟವಲ್ಲು ಹೆಗಲಿಗೆ ಹಾಕಿ, ಹಡಗಿನ ಕಪ್ತಾನನ ಗತ್ತಿನಲ್ಲಿ ಕೇಳಿದರು:

"ಎಲ್ಲೈತೆ ದೋಣಿ?"

"ಅಕಾ ಅಲ್ಲಿ, ಅಂಬಿಗರ ಓಬಯ್ಯ ಹಿಡ್ಕೊಂಡು ನಿಂತಾನೆ" ಎಂದಳು ಉಮಾಮಹೇಶ್ವರಿ.

ಓಬಯ್ಯ ಹಿಡಿದುಕೊಂಡು ನಿಂತದ್ದು ಹರಿಗೋಲನ್ನು. ಬಿದಿರು ಹೆಣೆದು, ಹೊರಗೆ ಟಾರು ಬಳಿದ, ದೊಡ್ಡ ರೊಟ್ಟಿ ಬುಟ್ಟಿಯಂಥ ಗುಂಡನೆಯ ಹರಿಗೋಲು. ಐದು ತಿಂಗಳು ಹಗಲೆಲ್ಲ ಮೋಟಾರಿನ ಬಗ್ಗೆ ಯೋಚಿಸಿದ ಕರಿಬಸವರಾಜರು ಅದನ್ನು ಕಟ್ಟುವ ದೋಣಿಯ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ.

"ಎಲ್ಲಿ ಕಟ್ಟಾಣ್ರಿ ಸಾವ್ಕಾರ್ರೆ?" ಓಬಯ್ಯ ಕೇಳಿದ.

"ಹಿಂದಕ್ಕೆ ಕಟ್ಟೋ."

"ಹಿಂದಕ್ಕೆ ಅಂದ್ರೆ ಯಾವ ಕಡಿಕ್ರಿ?"

ಕರಿಬಸವರಾಜರು ಹರಿಗೋಲಿನ ಸುತ್ತ ಒಂದು ಸುತ್ತು ಬಂದರು. ಹಿಂದು ಸಿಗಲಿಲ್ಲ. ಇನ್ನೊಂದು ಸುತ್ತು ಬಂದರು. ಮುಂದೂ ಸಿಗಲಿಲ್ಲ. ಜನ ನೋಡುತ್ತಿದ್ದರು. "ನಾನು ಎಲ್ಲಿ ಕೈ ಇಡ್ತೀನೋ ಅದೇ ಹಿಂದೆ" ಎಂದು ಅಂಚಿನ ಮೇಲೊಂದು ಕಡೆ ಕೈ ಇಟ್ಟರು. ಓಬಯ್ಯ ಒಂದು ಹಲಗೆ ಕೊಟ್ಟು, ಹಗ್ಗದಿಂದ ಬಿಗಿದು, ಕುಂಭಕರ್ಣನನ್ನು ಪ್ರತಿಷ್ಠಾಪಿಸಿದ.

"ನಾನೂ ಕೂಡ್ಲೇನ್ರಿ?"

"ಮೋಟ್ರು ಇದ್ದಮ್ಯಾಲೆ ನೀನ್ಯಾಕೋ?"

ಓಬಯ್ಯ ಉಮಾಮಹೇಶ್ವರಿಯ ಮುಖ ನೋಡಿದ. ಆಕೆ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಎದುರಿನ ಅಂಚಿಗೆ ಕೂತು, "ಹುಟ್ಟು ಇಲ್ಲೇ ಇರ್ಲಿ ಬಿಡು ಓಬಯ್ಯ, ಭಾರ ಏನಿಲ್ಲ" ಎಂದಳು. ಓಬಯ್ಯ ಮೀಸೆಯೊಳಗೇ ನಕ್ಕು ಹರಿಗೋಲನ್ನು ನೀರಿಗೆ ತಳ್ಳಿದ.

ಕರಿಬಸವರಾಜರು ಟ್ಯಾಂಕು ತುಂಬ ಎಣ್ಣೆ ಹಾಕಿದ್ದರು. ಹಗ್ಗ ಎಳೆದರು. ಎರಡನೇ ಎಳೆತಕ್ಕೇ ಕುಂಭಕರ್ಣ ಗುಡುಗಿದ. ದಂಡೆಯ ಜನ ಸಿಳ್ಳೆ ಹೊಡೆದರು. ಹರಿಗೋಲು ಗಕ್ಕನೆ ಹೊರಟಿತು, ಹೊಳೆಯ ಮಧ್ಯದವರೆಗೂ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಗುವ ಬದಲು ಇದ್ದಲ್ಲೇ ತಿರುಗತೊಡಗಿತು. ಕರಿಬಸವರಾಜರು ಹಿಡಿಯನ್ನು ಎಡಕ್ಕೆ ತಿರುವಿದರು, ಬಲಕ್ಕೆ ಸುತ್ತಿತು. ಬಲಕ್ಕೆ ತಿರುವಿದರು, ಎಡಕ್ಕೆ ಇನ್ನೂ ಜೋರಾಗಿ ಸುತ್ತಿತು. ಆಚೆ ದಡ, ಈಚೆ ದಡ, ಸೇತುವೆ, ಮತ್ತೆ ಆಚೆ ದಡ.

"ನಿಲ್ಲಿಸ್ರೀ!" ಉಮಾಮಹೇಶ್ವರಿ ಕೂಗಿದಳು.

"ಹೆಂಗೆ ನಿಲ್ಲಿಸ್ಲೇ?"

"ನಿಲ್ಲಿಸೋಕೆ ಗುಂಡಿ ಇರ್ತೈತಲ್ರೀ!"

ಕೆಂಪು ಗುಂಡಿ. ಉಪ್ಪಿನಕಾಯಿ ಜಾಡಿ. ಕರಿಬಸವರಾಜರಿಗೆ ಎಲ್ಲ ನೆನಪಾಯಿತು. ಪಂಚೆ ಗಾಳಿ ತುಂಬಿಕೊಂಡು ಕೊಡೆಯಾಯಿತು, ಟವಲ್ಲು ತುಂಗಭದ್ರೆಯ ಪಾಲಾಯಿತು. ದಂಡೆಯ ಮೇಲೆ ಹುಡುಗರು ಒಕ್ಕೊರಲಿನಿಂದ ಸುತ್ತು ಎಣಿಸತೊಡಗಿದರು. ದೃಷ್ಟಿ ಮಂದವಾಗಿದ್ದ ಗಿರಿಯಮ್ಮ ಎದ್ದು ನಿಂತು ಕೈ ಮುಗಿದರು. "ನೋಡ್ರವ್ವಾ ನಮ್ಮ ಅಳಿಯಂದ್ರು ಎಂಥಾ ಭಕ್ತ್ರು! ಎಲ್ರೂ ಗಂಗಮ್ಮಗೆ ಹೂವು ಬಿಡ್ತಾರೆ, ಇವ್ರು ನಡು ಹೊಳ್ಯಾಗೆ ಪ್ರದಕ್ಷಿಣೆ ಹಾಕ್ತಾರೆ!" ಪಕ್ಕದ ನಾಲ್ಕು ಮುದುಕಿಯರೂ ಕೈ ಮುಗಿದರು.

ಮೂವತ್ತನೇ ಪ್ರದಕ್ಷಿಣೆಗೆ ಕರಿಬಸವರಾಜರು ಕಣ್ಣು ಮುಚ್ಚಿ ಹರಿಗೋಲಿನ ತಳದಲ್ಲಿ ಒರಗಿದ್ದರು. ಹೊಟ್ಟೆಯೊಳಗಿನ ಉಪ್ಪಿಟ್ಟೂ ಪ್ರದಕ್ಷಿಣೆ ಹಾಕುತ್ತಿತ್ತು. ಉಮಾಮಹೇಶ್ವರಿ ಬುತ್ತಿಯ ಗಂಟು ಬಿಚ್ಚಿದಳು. ಮೊದಲು ಒಂದು ಸಜ್ಜೆ ರೊಟ್ಟಿ ತೆಗೆದು ನೋಡಿ, ಬೇಡವೆಂದು ಒಳಗಿಟ್ಟು, ದಪ್ಪನೆಯ ಶೇಂಗಾ ಹೋಳಿಗೆಯೊಂದನ್ನು ಎತ್ತಿಕೊಂಡು ತೆವಳುತ್ತ ಬಂದು, ಮೋಟಾರಿನ ಕಾರ್ಬುರೇಟರ್ ಬಾಯಿಗೆ ಪಟ್ಟನೆ ಮೆತ್ತಿದಳು. ಕುಂಭಕರ್ಣ ಒಮ್ಮೆ ಗುಟುಕು ನುಂಗಿ, ಕೆಮ್ಮಿ, ನಿಂತ.

ಹೊಳೆಯೆಲ್ಲ ಸುಮ್ಮನಾಯಿತು.

"ಇದನ್ನೆಲ್ಲಿ ಕಲಿತೇ?" ತಳದಿಂದ ಕ್ಷೀಣ ಸ್ವರ ಬಂತು.

"ನಮ್ಮಪ್ಪನ ಹೊಲದಾಗೆ ಪಂಪ್‌ಸೆಟ್ಟು ಹಿಂಗೇ ನಿಲ್ಲಿಸ್ತಿದ್ವಿ. ಗಾಳಿ ಬಾಯಿ ಮುಚ್ಚಿದ್ರೆ ಎಂಜಿನ್ನೂ ಬಾಯಿ ಮುಚ್ತೈತೆ. ಆಗ ಗೋಣಿಚೀಲ, ಈಗ ಹೋಳಿಗೆ."

ಆಕೆ ಸೆರಗು ಸಿಕ್ಕಿಸಿ, ಮೊಣಕಾಲೂರಿ, ಹುಟ್ಟು ಕೈಗೆತ್ತಿಕೊಂಡು ಎಡಕ್ಕೊಂದು ಬಲಕ್ಕೊಂದು ಏಟು ಹಾಕಿದಳು. ಹರಿಗೋಲು ಸಾಕಿದ ಹಸುವಿನಂತೆ ನೆಟ್ಟಗೆ ಹೋಗಿ ಆಚೆ ದಡ ಮುಟ್ಟಿತು. ಚಿಕ್ಕಂದಿನಲ್ಲಿ ಆಚೆ ದಂಡೆಯ ಹೊಲಕ್ಕೆ ದಿನಾ ಬುತ್ತಿ ಒಯ್ಯುತ್ತಿದ್ದವಳು ಅವಳು.

"ದಡ ಮುಟ್ತಲ್ಲ!" ಕರಿಬಸವರಾಜರು ಮರಳಿನ ಮೇಲೆ ಅಂಗಾತ ಬಿದ್ದುಕೊಂಡೇ ವಾದ ಹೂಡಿದರು. ಆಕಾಶ ಇನ್ನೂ ತಿರುಗುತ್ತಿತ್ತು. "ಹಿತ್ಲ ಕೋಣೆ ನಂದು."

"ಮೋಟ್ರು ಮುಟ್ಟಿಸ್ತೋ, ನಾನು ಮುಟ್ಟಿಸಿದ್ನೋ?"

"ಹರಿಗೋಲಿಗೆ ಮೋಟ್ರು ಕಟ್ಟಿದ್ರೆ ಸುತ್ತು ಹಾಕ್ತೈತೆ ಅಂತ ನಿಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಇಬ್ಬರೂ ಅಳಿದುಳಿದ ಹೋಳಿಗೆ ತಿಂದು ಮನೆಗೆ ಬಂದರು. ಮರುದಿನ ಹಿದಾಯತ್ ಬಂದು ಹಸಿರು ಪೆಟ್ಟಿಗೆ ಹೊತ್ತೊಯ್ದ. ಕರಿಬಸವರಾಜರು ಗೇಟಿನವರೆಗೆ ಹೋಗಿ, ಮಗಳನ್ನು ಗಂಡನ ಮನೆಗೆ ಕಳಿಸಿದವರಂತೆ ನಿಂತು ನೋಡಿದರು. ಕುಂಭಕರ್ಣ ಹರಿಹರದಲ್ಲೇ ಉಳಿದ. ಓಬಯ್ಯ ಈಗ ಹರಿಗೋಲು ತೇಲಿಹೋಗದಂತೆ ಅದಕ್ಕೇ ಹಗ್ಗ ಕಟ್ಟುತ್ತಾನೆ. "ಭಾಳ ಉಪಯೋಗ ಆತ್ರಿ" ಎಂದು ಹೇಳಿಕಳಿಸಿದ್ದ.

ಪೆಟ್ಟಿಗೆ ಇಲ್ಲದ ಕರಿಬಸವರಾಜರು ಎರಡು ದಿನ ಮನೆಯಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡಿದರು. ಟಿ.ವಿ.ಯ ಹಿಂಭಾಗವನ್ನು ಬಹಳ ಹೊತ್ತು ನೋಡಿದರು. ಮೂರನೇ ದಿನ ಉಮಾಮಹೇಶ್ವರಿ ಸ್ನಾನ ಮುಗಿಸಿ ಬಂದರೆ ದೇವರ ಕೋಣೆಯ ಬಾಗಿಲು ತೆರೆದಿತ್ತು, ಅವಳ ಬೀಗದ ಕೈ ಬೀಗದಲ್ಲೇ ನೇತಾಡುತ್ತಿತ್ತು. ಅವರು ನಂದಾದೀಪದ ಬೆಳಕಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೀರ್ಥದ ಚಮಚದ ತುದಿಯಿಂದ ಮಿಕ್ಸಿಯ ಎರಡನೇ ಸ್ಕ್ರೂ ಬಿಚ್ಚುತ್ತಿದ್ದರು.

"ಸದ್ದು ಸರಿ ಇಲ್ಲ ಕಣೇ, ಅದಕ್ಕೇ..."

ಆಕೆ ಚಮಚ ಕಿತ್ತುಕೊಂಡು, ಚಪ್ಪಲಿ ಮೆಟ್ಟಿ, ಆಟೋ ಕೂಗಿದಳು.

ನಾಲ್ಕನೇ ದಿನ ಹಿದಾಯತ್‌ನ ಕೈಗಾಡಿ ಗೇಟಿನೊಳಗೆ ಬಂತು. ಮೂವರು ತಳ್ಳುತ್ತಿದ್ದರು. ಮೇಲೆ ಹಸಿರು ಪೆಟ್ಟಿಗೆ, ಅದರ ಕೆಳಗೆ ಎಮ್ಮೆ ಗಾತ್ರದ ಕಬ್ಬಿಣದ ಮುದ್ದೆ.

"ಟೂರಿಂಗ್ ಟಾಕೀಸಿನ ಜನರೇಟ್ರು ಸಾವ್ಕಾರ್ರೆ" ಎಂದು ಹಿದಾಯತ್ ಬೆವರು ಒರೆಸಿಕೊಂಡ. "ಇಪ್ಪತ್ತು ವರ್ಷದಿಂದ ಸೀಜ್ ಆಗೈತೆ. ಅಕ್ಕಾರು ಹೇಳಿದ್ರು, ಹೋದ ಸಲದ್ದು ಐದೇ ತಿಂಗ್ಳಿಗೆ ಎದ್ದು ಕುಂತ್ಬಿಡ್ತು, ಈ ಸಲ ಇನ್ನೂ ಗಟ್ಟಿದು ನೋಡಿ ತಾರಪ್ಪ ಅಂತ..."

ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಕರಿಬಸವರಾಜರು ನಿಧಾನಕ್ಕೆ ತಿರುಗಿದರು. ಬೀಗ ಹಾಕಿದ ಮಿಕ್ಸಿ, ಪುಕ್ಕಟೆ ಸಾಗಾಣಿಕೆ, ಚಾ, ಬೇರೆ ಸಾಮಾನು ಮುಟ್ಟಬಾರದೆಂಬ ಕಟ್ಟಳೆ. ಐದು ತಿಂಗಳಲ್ಲಿ ಮನೆಯ ಒಂದೇ ಒಂದು ವಸ್ತುವೂ ಕೆಡದಿದ್ದದ್ದು ಅವರಿಗೆ ಈಗ ಹೊಳೆಯಿತು. "ಅದನ್ನ ಕಳಿಸಿದ್ದು ನೀನೇನೇ?"

"ಮತ್ತೆ ನನ್ನ ಮಿಕ್ಸಿ ಉಳೀಬೇಕಲ್ರೀ" ಎಂದಳು ಬಾಗಿಲಲ್ಲಿ ನಿಂತ ಉಮಾಮಹೇಶ್ವರಿ.

"ಮುಟ್ಟಲ್ಲ!" ಕರಿಬಸವರಾಜರು ಗರ್ಜಿಸಿದರು. "ಪ್ರಾಣ ಹೋದ್ರೂ ಇದನ್ನ ಮುಟ್ಟಲ್ಲ! ನನ್ನ ಏನಂತ ತಿಳ್ಕೊಂಡೀರಿ? ತಗಂಡ್ಹೋಗೋ ವಾಪಸ್ಸು!"

"ಹೋಗ್ಲಿ ಬಿಡಪ್ಪ ಹಿದಾಯತ್" ಎಂದಳು ಆಕೆ ತಣ್ಣಗೆ. "ಅವ್ರ ಕೈಲಿ ಆಗಂಗಿಲ್ಲ."

ಕೈಗಾಡಿ ತಿರುಗಿತು. ಗೇಟು ಮುಟ್ಟಿತು. ಮುಂದಿನ ಚಕ್ರ ಹೊಸ್ತಿಲು ದಾಟಿತು.

"ನಿಂದರ್ಲೇ" ಎಂದರು ಕರಿಬಸವರಾಜರು ಬೇರೆ ಕಡೆ ನೋಡುತ್ತ. "ಆ ನಟ್ಟಿಗೆ ಎಷ್ಟನೇ ನಂಬರ್ ಸ್ಪ್ಯಾನರ್ ಕೂಡ್ತೈತೆ, ಅದೊಂದು ನೋಡ್ತೀನಿ. ಆಮ್ಯಾಲೆ ತಗಂಡ್ಹೋಗು."

ಉಮಾಮಹೇಶ್ವರಿ ಹಿದಾಯತ್‌ಗೆ ಚಾ ಕೊಟ್ಟು, ಹಿತ್ತಲ ಕೋಣೆಯ ಬೀಗದ ಕೈಯನ್ನು ಗಂಡನ ಪಕ್ಕದಲ್ಲಿಟ್ಟು, ದೇವರ ಕೋಣೆಯಿಂದ ಮಿಕ್ಸಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಕೊಬ್ಬರಿ, ಹಸಿಮೆಣಸು, ಉಪ್ಪು ಹಾಕಿ ಗುಂಡಿ ಒತ್ತಿದಳು. ಎರಡು ಸ್ಕ್ರೂ ಸಡಿಲವಾಗಿದ್ದ ಮಿಕ್ಸಿ ಈಗ ನಿಜವಾಗಿಯೂ ವಿಕಾರವಾಗಿ ಕಿರುಚತೊಡಗಿತು. ಹಿತ್ತಲಿನಲ್ಲಿ ಜನರೇಟರಿನ ಮೇಲೆ ಬಗ್ಗಿದ್ದ ಕರಿಬಸವರಾಜರು ತಲೆ ಎತ್ತಿಯೂ ನೋಡಲಿಲ್ಲ.